ಶರಣರ ರಂಗಗೀತೆಗಳನ್ನು ಉಳಿಸೋಣ



ವಚನಗಳನ್ನು ಜನರಿಗೆ ಮುಟ್ಟಿಸಿದವರೆಂದು ಫ.ಗು. ಹಳಕಟ್ಟಿಯವರನ್ನು ನೆನೆಯುತ್ತೇವೆ. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ ಬಂತು. ಆದರೆ ಓದು ಬಾರದ ಮಂದಿಗೆ ಬಸವಣ್ಣನವರನ್ನು ಕಣ್ಣಾರೆ ತೋರಿಸಿದ್ದು ಕಂಪನಿ ನಾಟಕ. ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘದ ‘ಜಗಜ್ಯೋತಿ ಬಸವೇಶ್ವರ’ ಅಂಥದ್ದು. ಬಾಳಪ್ಪನವರೇ ಬಸವಣ್ಣ. ಅಲ್ಲಿ ಹಾಡು ಬರೀ ರಂಜನೆಯಲ್ಲ. ಪ್ರವಚನ ಮರೆತವರಿಗೂ ಹಾಡು ನೆನಪಿರುತ್ತದೆ. ಆದರೂ ಪ್ರವಚನಕ್ಕೆ ಕೊಟ್ಟ ಗೌರವವನ್ನು ನಾವು ಈ ಸಂಗೀತ ನಾಟಕಗಳಿಗೆ ಕೊಡಲಿಲ್ಲ.

ಬಾಳಪ್ಪನವರು ಶತಾಯುಷಿಗಳಾಗಿ 2017ರಲ್ಲಿ ನಮ್ಮನ್ನಗಲಿದರು. ನಾಟಕದ ಮಾತು ಅಚ್ಚಾಗಬಹುದು, ಮಟ್ಟು ಮಾತ್ರ ಹಾಡಿದವರ ಕಂಠದಲ್ಲೇ ಇರುತ್ತದೆ. ನಾನು ಎಂಜಿನಿಯರ್ ಆಗಿದ್ದವನು. ಸೇತುವೆ ಬಿದ್ದರೆ ನಕ್ಷೆ ನೋಡಿ ಮತ್ತೆ ಕಟ್ಟಬಹುದು. ಮಟ್ಟಿಗೆ ನಕ್ಷೆಯಿಲ್ಲ.

ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಮಠಕ್ಕೂ ರಂಗಕ್ಕೂ ದೂರವಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಆದ್ದರಿಂದ ನನ್ನ ಬಿನ್ನಹ ಇಷ್ಟೇ: ಪ್ರತಿ ಮಠವೂ ಸುತ್ತಲಿನ ಹಿರಿಯ ಕಲಾವಿದರನ್ನು, ಹಾರ್ಮೋನಿಯಂ ಮಾಸ್ತರರನ್ನು ಕರೆಸಿ, ಹಾಡಿಸಿ, ಧ್ವನಿಮುದ್ರಿಸಲಿ. ಆ ಹಾಡುಗಳನ್ನು ನಮ್ಮ ಮಕ್ಕಳು ಕಲಿಯಲಿ. ಬಸವ ಜಯಂತಿಯಲ್ಲಿ ನಾಲ್ಕು ಹಾರ ಕಡಿಮೆಯಾದರೂ ಚಿಂತೆಯಿಲ್ಲ.