ಕಾರ್ಮಿಕ ಸಂಘ ತನ್ನ ಸದಸ್ಯನ ಪರ ನಿಲ್ಲುವುದು ಹೇಗೆ?

(ಒಕ್ಕೂಟದ ತರಬೇತಿ ಕೇಂದ್ರದಲ್ಲಿ ಏರ್ಪಡಿಸಿದ್ದ ಸದಸ್ಯರ ಶಿಬಿರದಲ್ಲಿ, ನಿವೃತ್ತ ಸಾರಿಗೆ ನೌಕರರೂ ಹಾಲು ಉತ್ಪಾದಕ ಸದಸ್ಯರೂ ಆದ ಒಬ್ಬರು ಮಾಡಿದ ಭಾಷಣದ ಪಾಠ)

ಬೆಳಗಿನ ಹಾಲು ಹಾಕಿ, ಬಸ್ಸು ಹಿಡಿದು ಇಲ್ಲಿಗೆ ಬಂದಿರುವ ತಾಯಂದಿರೇ ಹಾಗೂ ಬಂಧುಗಳೇ,

ನಿನ್ನೆಯಿಂದ ತಾವು ಕೆಚ್ಚಲು ಬಾವು, ಹಸಿರು ಮೇವು, ಖನಿಜ ಮಿಶ್ರಣಗಳ ಬಗ್ಗೆ ತಿಳಿದವರ ಮಾತು ಕೇಳಿದ್ದೀರಿ. ನನಗೆ ಒಪ್ಪಿಸಿರುವ ವಿಷಯ ಬೇರೆ. ಹಿಂದಿನ ಶಿಬಿರದಲ್ಲಿ ಒಬ್ಬ ತಾಯಿ ಎದ್ದು ನಿಂತು, "ನನ್ನ ಮಗ ಬಸ್ ಕಂಡಕ್ಟರ್. ಯೂನಿಯನ್ನಿಗೆ ಚಂದಾ ಕಟ್ತಾನೆ. ಅದರಿಂದ ಅವನಿಗೆ ಏನು ಬಂತು?" ಎಂದು ಕೇಳಿದರಂತೆ. ಉತ್ತರ ಹೇಳಲು ಅಧ್ಯಕ್ಷರು ನನ್ನನ್ನು ಹಿಡಿದುಕೊಂಡು ಬಂದಿದ್ದಾರೆ. ನಾನು ಒಂದು ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಬಹಳ ವರ್ಷ ಯೂನಿಯನ್ ಕೆಲಸ ಮಾಡಿದವನು. ಈಗ ಎರಡು ಹಸು ಕಟ್ಟಿಕೊಂಡು ನಿಮ್ಮಂತೆಯೇ ಎರಡು ಹೊತ್ತು ಹಾಲು ಹಾಕುತ್ತೇನೆ.

ನಮ್ಮ ಹಳ್ಳಿಗಳಲ್ಲಿ ಸಂಘ ಎಂದರೆ ಡೈರಿ. ಆದ್ದರಿಂದ ಕಾರ್ಮಿಕರ ಸಂಘವನ್ನು ನಾನು ಯೂನಿಯನ್ ಎಂದೇ ಕರೆಯುತ್ತೇನೆ, ಗೊಂದಲ ಬೇಡ.

ಯೂನಿಯನ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬಾವುಟ, ಘೋಷಣೆ, ಬಸ್ಸಿಲ್ಲದೆ ನಿಂತ ನಿಲ್ದಾಣ. ಅದು ಸುಳ್ಳಲ್ಲ. 2021ರ ಏಪ್ರಿಲ್ 7ರಂದು ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳಲ್ಲಿ ಮುಷ್ಕರ ಶುರುವಾಯಿತು. ಆರನೇ ವೇತನ ಆಯೋಗದಂತೆ ಸಂಬಳ ಕೊಡಿ ಎಂಬುದು ಬೇಡಿಕೆ. ಮುಂದೆ ನಿಂತವರಲ್ಲಿ ಒಬ್ಬರು ರೈತ ನಾಯಕರೇ ಆಗಿದ್ದರು. ಹೊರಗಿನವರೂ ಯೂನಿಯನ್ನಿನ ಪದಾಧಿಕಾರಿಗಳಾಗಲು ಕಾನೂನಿನಲ್ಲಿ ಒಂದು ಮಿತಿಯೊಳಗೆ ಅವಕಾಶವಿದೆ. ಹೈಕೋರ್ಟು ಹೇಳಿದ ಮೇಲೆ ಎರಡು ವಾರಕ್ಕೆ ಬಸ್ಸುಗಳು ಮತ್ತೆ ಹೊರಟವು. ಪತ್ರಿಕೆಯವರು ಅಲ್ಲಿಗೆ ಬರೆಯುವುದನ್ನು ನಿಲ್ಲಿಸಿದರು. ಆದರೆ ವಜಾ ಆದವರು, ಅಮಾನತಾದವರು, ದೂರದ ಡಿಪೋಗೆ ವರ್ಗವಾದವರು ಇದ್ದರಲ್ಲ, ಅವರ ಒಬ್ಬೊಬ್ಬರ ಕಾಗದ ಹಿಡಿದು ಓಡಾಡುವ ಕೆಲಸ ಆಮೇಲೆ ಶುರುವಾಯಿತು. ನಾನು ಹೇಳಬೇಕೆಂದಿರುವುದು ಆ ಕೆಲಸದ ಬಗ್ಗೆ.

ಕಂಡಕ್ಟರನ ಮೇಲೆ ದೂರು ಬಂದರೆ ನಡೆಯುವುದು ಹೀಗೆ. ದಾರಿಯಲ್ಲಿ ಚೆಕಿಂಗ್‌ನವರು ಬಸ್ಸು ಹತ್ತುತ್ತಾರೆ. ಟಿಕೆಟ್ಟಿಲ್ಲದವರು ಸಿಕ್ಕರೆ ಸ್ಥಳದಲ್ಲೇ ವರದಿ ಬರೆದು ಕಂಡಕ್ಟರನ ಹೇಳಿಕೆ ಪಡೆಯುತ್ತಾರೆ. ಕೆಲವು ದಿನಕ್ಕೆ ಆಪಾದನಾ ಪತ್ರ ಬರುತ್ತದೆ, ಅದಕ್ಕೆ ಉತ್ತರ ಕೊಡಬೇಕು. ಆಮೇಲೆ ಇಲಾಖಾ ವಿಚಾರಣೆ. ಒಂದು ಸಣ್ಣ ಕೋಣೆ, ಒಂದು ಮೇಜು. ಆ ಕಡೆ ವಿಚಾರಣಾಧಿಕಾರಿ, ಆಪಾದನೆ ಮಂಡಿಸುವವರು, ಸಾಕ್ಷಿ. ಈ ಕಡೆ ಎಸ್.ಎಸ್.ಎಲ್.ಸಿ. ಓದಿ ಕೆಲಸಕ್ಕೆ ಸೇರಿದ ನಮ್ಮ ಹುಡುಗ. ಅವನ ಪಕ್ಕದಲ್ಲಿ ಒಂದು ಕುರ್ಚಿ. ಅದರಲ್ಲಿ ವಕೀಲರಿಗೆ ಸಾಮಾನ್ಯವಾಗಿ ಜಾಗವಿಲ್ಲ, ಸಹೋದ್ಯೋಗಿಯೊಬ್ಬ ಕೂರಬಹುದು. ನಿಯಮ ಬಲ್ಲ, ಹೆದರದ ಒಬ್ಬನನ್ನು ಆ ಕುರ್ಚಿಗೆ ಕಳಿಸುವುದೇ ನನ್ನ ದೃಷ್ಟಿಯಲ್ಲಿ ಯೂನಿಯನ್ನಿನ ದೊಡ್ಡ ಕೆಲಸ. ಚಂದಾ ಹಣ ಏನಾಯಿತು ಎಂದು ಕೇಳಿದ ತಾಯಿಗೆ ನಾನು ಆ ಕುರ್ಚಿಯನ್ನೇ ತೋರಿಸುತ್ತೇನೆ.

1990ರ ದಶಕದ ಕೊನೆಯಲ್ಲಿ ಒಬ್ಬ ಹುಡುಗ ನನ್ನ ಬಳಿ ಬಂದ. ಜಾತ್ರೆಯ ದಿನ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮೂವರಿಂದ ಹಣ ಪಡೆದು ಟಿಕೆಟ್ ಕೊಟ್ಟಿಲ್ಲ ಎಂದು ವರದಿ. ಹೆದರಿಕೊಂಡು "ತಪ್ಪಾಗಿದೆ, ಕ್ಷಮಿಸಿ" ಎಂದು ಬರೆದು ಸಹಿ ಹಾಕಿಬಿಟ್ಟಿದ್ದ. ಇದಾಗಿ ಇಪ್ಪತ್ತು ದಿನದ ಮೇಲೆ ಬಂದಿದ್ದಾನೆ, ಮನೆಯಲ್ಲೂ ಹೇಳಿಲ್ಲ. ಅವನ ತಾಯಿ ನಮ್ಮ ಪಕ್ಕದೂರಿನ ಡೈರಿಗೆ ಹಾಲು ಹಾಕುವವರು. "ಮೊದಲ ದಿನವೇ ಯಾಕಪ್ಪಾ ಬರಲಿಲ್ಲ?" ಎಂದರೆ, "ನಾಚಿಕೆ ಆಯ್ತು ಅಣ್ಣಾ" ಎಂದ.

ವೇಬಿಲ್ ತರಿಸಿ ನೋಡಿದೆವು. ಹಿಂದಿನ ಸ್ಟೇಜಿನಲ್ಲಿ ಒಮ್ಮೆಗೇ ನಲವತ್ತು ಜನ ಹತ್ತಿದ್ದರು. ಅಲ್ಲಿಂದ ಒಂದೂವರೆ ಕಿಲೋಮೀಟರಿನಲ್ಲಿ ಬಸ್ಸು ನಿಲ್ಲಿಸಿದ್ದಾರೆ. ಹತ್ತಿದವರಲ್ಲಿ ಮೂವತ್ತೇಳು ಜನರಿಗೆ ಅಷ್ಟರಲ್ಲೇ ಟಿಕೆಟ್ ಹರಿದಿದ್ದಾನೆ. ಕದಿಯುವವನು ಹಾಗೆ ಮಾಡುತ್ತಾನೆಯೇ? ವರದಿ ಬರೆದವರನ್ನು ವಿಚಾರಣೆಯಲ್ಲಿ ನಾನು ಕೇಳಿದ್ದು ನಾಲ್ಕೇ ಪ್ರಶ್ನೆ. ಎಷ್ಟು ಗಂಟೆಗೆ ಹತ್ತಿದಿರಿ, ಬಸ್ಸಿನಲ್ಲಿ ಎಷ್ಟು ಜನ ಇದ್ದರು, ಕಂಡಕ್ಟರ್ ಎಲ್ಲಿದ್ದ, ಕೈಯಲ್ಲಿ ಏನು ಮಾಡುತ್ತಿದ್ದ. "ಟಿಕೆಟ್ ಹರಿಯುತ್ತಿದ್ದ" ಎಂದರು. ಅವರು ಸತ್ಯವನ್ನೇ ಹೇಳಿದರು, ಅದನ್ನು ಮರೆಯಬಾರದು. ಒಂದು ವರ್ಷದ ಇನ್‌ಕ್ರಿಮೆಂಟ್ ತಡೆಹಿಡಿದು ಕೆಲಸ ಉಳಿಸಿದರು. ಮೊದಲೇ ಬರೆದುಕೊಟ್ಟ ಆ ಕ್ಷಮಾಪಣೆ ಇಲ್ಲದಿದ್ದರೆ ಅದೂ ಹೋಗುತ್ತಿರಲಿಲ್ಲವೇನೋ.

ಇಂಥ ಪ್ರಕರಣದಲ್ಲಿ "ಪ್ರಯಾಣಿಕರನ್ನು ಸಾಕ್ಷಿಗೆ ಕರೆಸಲಿಲ್ಲ, ಆದ್ದರಿಂದ ಕೇಸು ಬಿದ್ದುಹೋಗುತ್ತದೆ" ಎಂದು ಬಸ್ ನಿಲ್ದಾಣದ ಹೋಟೆಲಿನಲ್ಲಿ ಕಾನೂನು ಹೇಳುವವರಿದ್ದಾರೆ. ನಂಬಬೇಡಿ. ಹರಿಯಾಣದ ಕಂಡಕ್ಟರೊಬ್ಬರ ಪ್ರಕರಣದಲ್ಲಿ 1977ರಲ್ಲೇ ಸುಪ್ರೀಂ ಕೋರ್ಟು, ಇಲಾಖಾ ವಿಚಾರಣೆಗೆ ಪ್ರಯಾಣಿಕರನ್ನು ಕರೆಸಲೇಬೇಕೆಂದಿಲ್ಲ ಎಂದು ಹೇಳಿದೆ. ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣ 2001ರಲ್ಲಿ ತೀರ್ಮಾನವಾಯಿತು. ಸುಮಾರು 35 ಪ್ರಯಾಣಿಕರಿಂದ ತಲಾ 2 ರೂಪಾಯಿ 25 ಪೈಸೆ ಪಡೆದು 1 ರೂಪಾಯಿ 75 ಪೈಸೆಯ ಟಿಕೆಟ್ ಕೊಟ್ಟದ್ದು. ಕೆಳಗಿನ ನ್ಯಾಯಾಲಯಗಳು ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ ಎಂದಿದ್ದವು. ಇಂಥಲ್ಲಿ ಅನುಕಂಪ ಸಲ್ಲದು ಎಂದು ಸುಪ್ರೀಂ ಕೋರ್ಟು ಆ ಆದೇಶವನ್ನೇ ರದ್ದು ಮಾಡಿತು. ಒಬ್ಬೊಬ್ಬರಿಗೆ ಐವತ್ತು ಪೈಸೆ! ಮೊತ್ತ ಸಣ್ಣದು ಎಂಬ ವಾದ ಅಲ್ಲಿಗೆ ಮುಗಿಯಿತು.

ಈಗ ಹೇಳಲು ಕಷ್ಟವಾದ ಮಾತು. ಆ ತೀರ್ಪು ಬಂದ ಕೆಲವು ವರ್ಷದ ಮೇಲೆ ನಮ್ಮೂರಿನವನೇ ಒಬ್ಬ ಸಿಕ್ಕಿಬಿದ್ದ. ಕಾಗದ ನೋಡಿದರೆ ಅನುಮಾನಕ್ಕೆ ಜಾಗವೇ ಇರಲಿಲ್ಲ, ನನ್ನ ಮುಂದೆ ಅವನೂ ಒಪ್ಪಿಕೊಂಡ. ಆದರೆ ಸುಳ್ಳು ಸಾಕ್ಷಿ ಹುಟ್ಟಿಸಿಕೊಡಿ ಎಂದ. ಅವನ ತಂದೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತು, "ಇಷ್ಟು ವರ್ಷ ಚಂದಾ ಕಟ್ಟಿಲ್ಲವಾ ನನ್ನ ಮಗ?" ಎಂದರು. ನಾನು ಅವನ ಪಕ್ಕದ ಕುರ್ಚಿಯಲ್ಲಿ ಕೂತೆ. ನಿಯಮದಂತೆ ದಾಖಲೆಗಳ ಪ್ರತಿ ಕೊಡಿಸಿದೆ, ವಿಚಾರಣಾ ವರದಿಯ ಪ್ರತಿ ಕೇಳಿ ಪಡೆದೆ, ಅಮಾನತಿನ ಅವಧಿಯ ಜೀವನಾಧಾರ ಭತ್ಯೆ ಬಿಡಿಸಿಕೊಟ್ಟೆ, ಹಿಂದಿನ ಒಳ್ಳೆಯ ಸೇವೆ ನೋಡಿ ಶಿಕ್ಷೆ ಕಡಿಮೆ ಮಾಡಿ ಎಂದು ಬೇಡಿಕೊಂಡೆ. ಸುಳ್ಳು ಮಾತ್ರ ಹೇಳಲಿಲ್ಲ. ಅವನು ವಜಾ ಆದ. ಯೂನಿಯನ್ ಮಾರಿಕೊಂಡಿತು ಎಂದು ಊರೆಲ್ಲ ಹೇಳಿಕೊಂಡು ಬಂದ. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದರೆ, ಮುಂದಿನ ಸಲ ಜಾತ್ರೆಯ ಬಸ್ಸಿನ ಹುಡುಗನಂಥವನ ಪರ ನಾನು ಹೇಳುವ ನಿಜವನ್ನು ಯಾರು ನಂಬುತ್ತಿದ್ದರು? ಇದನ್ನು ಆ ತಂದೆಗೆ ಅರ್ಥ ಮಾಡಿಸಲು ನನ್ನಿಂದ ಆಗಲಿಲ್ಲ. ಈಗಲೂ ಡೈರಿಯ ಸಾಲಿನಲ್ಲಿ ಅವರು ನನ್ನ ಹಿಂದೆ ಕ್ಯಾನು ಹಿಡಿದು ನಿಲ್ಲುತ್ತಾರೆ. ಮಾತಿಲ್ಲ.

ಸಂಬಳದ ಮಾತುಕತೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬೇಡಿಕೆ ಪಟ್ಟಿ ಕೊಡುವುದು, ಆಗದಿದ್ದರೆ ಮುಷ್ಕರದ ನೋಟಿಸು, ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ರಾಜಿ ಮಾತು. ಸಂಧಾನ ನಡೆಯುವಾಗ ಮುಷ್ಕರ ಹೂಡುವಂತಿಲ್ಲ. ಬಸ್ಸೂ ಹಾಲಿನಂತೆ, ಇವತ್ತಿನದು ನಾಳೆಗೆ ಬರುವುದಿಲ್ಲ, ಅದಕ್ಕೇ ಇಷ್ಟು ಕಟ್ಟುಪಾಡು. 1926ರ ಕಾರ್ಮಿಕ ಸಂಘಗಳ ಕಾಯ್ದೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಈಗಿಲ್ಲ. ಅವುಗಳ ಜಾಗದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಒಂದೇ ಕಡೆ ಹಲವು ಯೂನಿಯನ್ನುಗಳಿದ್ದರೆ ನೂರಕ್ಕೆ 51ರಷ್ಟು ಕಾರ್ಮಿಕರ ಬೆಂಬಲವಿರುವುದೇ ಮಾತುಕತೆಗೆ ಕೂರುತ್ತದೆ. ಯಾವುದಕ್ಕೂ ಅಷ್ಟಿಲ್ಲದಿದ್ದರೆ, ನೂರಕ್ಕೆ 20ರಷ್ಟಾದರೂ ಬೆಂಬಲವಿರುವವುಗಳು ಸೇರಿದ ಒಂದು ಮಂಡಳಿ ಕೂರುತ್ತದೆ. ಆದ್ದರಿಂದ ನಿಮ್ಮ ಮಕ್ಕಳು ಯಾವ ಯೂನಿಯನ್ನಿನಲ್ಲಿದ್ದಾರೆ, ಅದು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತದೆಯೇ ಎಂದು ವಿಚಾರಿಸಿ. ಡೈರಿಯ ಮಹಾಸಭೆಯಲ್ಲಿ ಬೋನಸ್ಸಿನ ಲೆಕ್ಕ ಕೇಳುವ ನಮಗೆ ಅದು ಹೊಸದೇನಲ್ಲ.

ಮನೆಗೆ ಹೋಗಿ ಮಕ್ಕಳಿಗೆ ಹೇಳಿ. ಓದದೆ ಸಹಿ ಹಾಕಬಾರದು, ಖಾಲಿ ಹಾಳೆಗಂತೂ ಕೂಡದು. ನಡೆದದ್ದನ್ನು ಅಂದೇ ರಾತ್ರಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಕೊಡುವ ಶೂನ್ಯ ದರದ ಟಿಕೆಟ್ಟೂ ಟಿಕೆಟ್ಟೇ, ಹಣವಿಲ್ಲವಲ್ಲ ಎಂದು ಬಿಡುವಂತಿಲ್ಲ. ಆಪಾದನಾ ಪತ್ರ ಬಂದರೆ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗದೆ ಮರುದಿನವೇ ಯೂನಿಯನ್ನಿನವರನ್ನು ಕಾಣಲಿ. ನಡೆದದ್ದನ್ನು ಅವರ ಮುಂದೆ ಇದ್ದಂತೆ ಹೇಳಲಿ.

ಈ ಸುತ್ತಿನ ಊರಿನವರು ಯಾರಾದರೂ ಕಾಗದ ತೋರಿಸುವುದಿದ್ದರೆ, ಸಂಜೆಯ ಹಾಲು ಹಾಕಿದ ಮೇಲೆ ನಾನು ಡೈರಿಯ ಕಟ್ಟೆಯ ಮೇಲೆಯೇ ಇರುತ್ತೇನೆ. ಕನ್ನಡಕ ತಂದಿರುತ್ತೇನೆ, ನೀವು ಕಾಗದವಷ್ಟೂ ತನ್ನಿ.