ಊರು ಬರೆದಿಡದೆ ಹೋದ ಬೇನೆ



ಸಾಹಿತ್ಯವನ್ನೋ ಶರಣಧರ್ಮವನ್ನೋ ಕಿತ್ತೂರಿನ ಇತಿಹಾಸವನ್ನೋ ಕುರಿತು ಮಾತನಾಡುವುದು ದತ್ತಿ ಉಪನ್ಯಾಸದ ಇಂಥ ವೇದಿಕೆಗಳ ವಾಡಿಕೆಯಾಗಿರಲು, ನಾನು ಕೊರೊನಾ ರೋಗದ ವಿಷಯವನ್ನು ಎತ್ತಿಕೊಂಡುದು ತಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಮಲಪ್ರಭೆಯ ಈ ಎರಿಭೂಮಿಯ ಸೀಮೆಯಲ್ಲಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಹಳ್ಳಿಗಳಲ್ಲಿ, ೨೦೨೦ನೆಯ ಇಸವಿಯಿಂದ ಮೊದಲ್ಗೊಂಡು ಎರಡು ವರುಷಗಳ ಕಾಲ ನಮ್ಮ ಕಣ್ಣೆದುರಿಗೇ ನಡೆದುಹೋದ ಸಂಗತಿಗಳು, ಜನರು ಕೂಡುವ, ಅಗಲುವ, ಮದುವೆಯಾಗುವ, ಮಣ್ಣು ಕೊಡುವ ರೀತಿಗಳನ್ನೆಲ್ಲ ಬುಡಸಹಿತ ಅಲುಗಿಸಿದವು. ಅವನ್ನು ಮರೆಯುವುದರಲ್ಲಿ ನಾವು ತೋರುತ್ತಿರುವ ಆತುರವನ್ನು ಕಂಡು ನನ್ನ ಮನಸ್ಸಿಗೆ ಕಳವಳವಾಗಿದೆ. ನಾನು ಹೇಳಬಯಸುವುದು ಇಷ್ಟೆ: ಇಂಥ ಮಾರಿ ಹಿಂದೆಯೂ ಈ ಊರುಗಳನ್ನು ಹೊಕ್ಕಿತ್ತು, ಆಗ ಅದರ ಲೆಕ್ಕವನ್ನು ಇಡುವ ಕೆಲಸವನ್ನು ಊರವರು ಸರಕಾರಕ್ಕೆ ಬಿಟ್ಟುಕೊಟ್ಟರು, ಈ ಸಲವೂ ಹಾಗೆಯೇ ಆಗುತ್ತಿದೆ, ಆಗಗೊಡಬಾರದು.

೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿಯನ್ನು ಹಿಡಿದು ಒಂದೆರಡು ವರುಷಗಳಲ್ಲಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಮುಟ್ಟಿತು. ಅದನ್ನು ತಡೆಯುವುದಕ್ಕೆಂದು ಆಂಗ್ಲ ಸರಕಾರವು ೧೮೯೭ರಲ್ಲಿ ನಾಲ್ಕೇ ಕಲಮುಗಳ ಒಂದು ಕಾಯದೆಯನ್ನು ಹೊರಡಿಸಿತು; ಮನೆ ಹೊಕ್ಕು ಶೋಧಿಸುವ, ರೋಗಿಯನ್ನು ಎತ್ತಿಕೊಂಡು ಹೋಗುವ, ಪ್ರಯಾಣಿಕನನ್ನು ತಡೆದು ನಿಲ್ಲಿಸುವ ಅಧಿಕಾರವೆಲ್ಲ ಆ ನಾಲ್ಕು ಕಲಮುಗಳಿಂದಲೇ ಹುಟ್ಟಿತು. ನೂರಿಪ್ಪತ್ತಮೂರು ವರುಷಗಳ ಅನಂತರ, ೨೦೨೦ರ ಮಾರ್ಚಿಯಲ್ಲಿ, ಸ್ವತಂತ್ರ ಭಾರತದ ಕರ್ನಾಟಕ ಸರಕಾರವು ಕೊರೊನಾ ನಿಯಮಗಳನ್ನು ಹೊರಡಿಸಿದ್ದೂ ಅದೇ ಕಾಯದೆಯ ಆಧಾರದ ಮೇಲೆ ಎಂಬುದನ್ನು ತಾವು ಗಮನಿಸಬೇಕು. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಸಿದ್ಧಪಡಿಸಿ, ೧೮೯೭ರ ಜನವರಿಯಲ್ಲಿ ಮೊತ್ತಮೊದಲು ತನ್ನ ಮೈಗೇ ಚುಚ್ಚಿಕೊಂಡ ಪ್ಲೇಗಿನ ಲಸಿಕೆಯನ್ನು ಮರುವರುಷ ಹುಬ್ಬಳ್ಳಿಯಲ್ಲಿ ಸಾವಿರಗಟ್ಟಲೆ ಜನ ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾದುದು ಆಗಿನ ಅಂಕಿಗಳಿಂದಲೇ ಸಿದ್ಧವಾಯಿತು. ಹಳ್ಳಿಯವರಾದರೋ ತಮಗೆ ತಿಳಿದ ಉಪಾಯವನ್ನೇ ಅನುಸರಿಸಿದರು. ಮನೆಯ ಮೂಲೆಯಲ್ಲಿ ಇಲಿ ಸತ್ತು ಬಿದ್ದುದನ್ನು ಕಂಡೊಡನೆ ಕಾಳುಕಡಿ, ದನಕರು, ಹಾಸಿಗೆಗಳೊಂದಿಗೆ ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿ ತಿಂಗಳುಗಟ್ಟಲೆ ಬದುಕಿದರು.

ಪ್ಲೇಗಿನ ನೆನಪಾದರೂ ಅಜ್ಜಿಯರ ಬಾಯಲ್ಲಿ ಅಷ್ಟಿಷ್ಟು ಉಳಿಯಿತು. ೧೯೧೮ರ ಇನ್‌ಫ್ಲುಯೆಂಜಾ ಜ್ವರದ ನೆನಪು ಅಷ್ಟೂ ಉಳಿಯಲಿಲ್ಲ. ಮೊದಲನೆಯ ಮಹಾಯುದ್ಧದ ಕೊನೆಯ ವರುಷ ಅದು. ಜೂನ್ ತಿಂಗಳಲ್ಲಿ ಮುಂಬಯಿಗೆ ಬಂದ ಇನ್‌ಫ್ಲುಯೆಂಜಾ ಮೊದಲು ಸೌಮ್ಯವಾಗಿಯೇ ಸುಳಿದು, ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಘೋರರೂಪವನ್ನು ತಾಳಿ ಮರಳಿತು. ಮಳೆ ಕೈಕೊಟ್ಟು ಕಾಳಿನ ಬೆಲೆ ಏರಿದ್ದ ಆ ದಿನಗಳಲ್ಲಿ, ಮುದುಕರಿಗಿಂತ ಹೆಚ್ಚಾಗಿ ದುಡಿಯುವ ಪ್ರಾಯದ ಗಂಡಸರನ್ನೂ ಹೆಂಗಸರನ್ನೂ ಎತ್ತಿಕೊಂಡು ಹೋಯಿತು. ಬೆಳಗಾವಿ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಸತ್ತವರು ಹತ್ತು ಲಕ್ಷಕ್ಕೂ ಮಿಗಿಲು. ಹಿಂದುಸ್ಥಾನದಲ್ಲೆಲ್ಲ ಕೋಟಿಯನ್ನು ಮೀರಿದರು. ೧೯೧೧ರಿಂದ ೧೯೨೧ರವರೆಗಿನ ಹತ್ತು ವರುಷಗಳಲ್ಲಿ ದೇಶದ ಜನಸಂಖ್ಯೆ ಏರುವುದಕ್ಕೆ ಬದಲಾಗಿ ಇಳಿಯಿತು. ಇಪ್ಪತ್ತನೆಯ ಶತಮಾನದ ಜನಗಣತಿಗಳಲ್ಲಿ ಹಾಗಾದುದು ಅದೊಂದೇ ಸಲ. ಇಷ್ಟು ದೊಡ್ಡ ಮೃತ್ಯು ನಮ್ಮ ಓಣಿಗಳ ಮೂಲಕ ಹಾದುಹೋಗಿರುವಾಗ, ಅದರ ಗುರುತಾಗಿ ಒಂದು ಕಲ್ಲನ್ನಾಗಲಿ, ಒಂದು ಕೈಬರಹದ ಪುಟವನ್ನಾಗಲಿ ನಾನು ಈ ಭಾಗದ ಯಾವ ಮನೆಯಲ್ಲಿಯೂ ಕಾಣಲಿಲ್ಲ. ಬರಗಾಲವನ್ನು ಹಾಡಿದ ಜನ, ಯುದ್ಧವನ್ನು ಹಾಡಿದ ಜನ, ಸಂಗೊಳ್ಳಿ ರಾಯಣ್ಣನನ್ನು ಇಂದಿಗೂ ಲಾವಣಿಯಲ್ಲಿ ಬದುಕಿಸಿಟ್ಟ ಜನ ಈ ಜ್ವರವನ್ನು ಕುರಿತು ಏತಕ್ಕೆ ಮೌನವಾದರು? ನನಗೆ ತೋರುವ ಉತ್ತರವೆಂದರೆ, ಯುದ್ಧದಲ್ಲಿ ವೀರನಿರುತ್ತಾನೆ, ಬರದಲ್ಲಿ ದಾನಿಯಿರುತ್ತಾನೆ. ಸೋಂಕಿನ ಕಾಲದಲ್ಲಿ ನೆರೆಯವನೇ ನೆರೆಯವನಿಗೆ ಹೆದರಿ ಕದವಿಕ್ಕಿಕೊಳ್ಳುತ್ತಾನೆ. ಆ ಹೆದರಿಕೆಯನ್ನು ಹಾಡಿ ಹೇಳಲು ಯಾರಿಗೂ ಮನಸ್ಸು ಬಾರದು.

೨೦೧೯ರ ಆಗಸ್ಟಿನಲ್ಲಿ ಮಲಪ್ರಭೆಗೆ ಮಹಾಪೂರ ಬಂದು ರಾಮದುರ್ಗ, ಸವದತ್ತಿಗಳ ಹೊಳೆದಂಡೆಯ ಊರುಗಳಲ್ಲಿ ಮನೆಗಳು ಕುಸಿದಿದ್ದವು. ಬಿದ್ದ ಗೋಡೆಗಳು ಇನ್ನೂ ಏಳದಿರುವಾಗಲೇ ೨೦೨೦ರ ಮಾರ್ಚಿ ಬಂದಿತು. ೨೨ನೆಯ ತಾರೀಖಿನ ಭಾನುವಾರ ಜನತಾ ಕರ್ಫ್ಯೂ. ೨೫ರಿಂದ ದೇಶವೆಲ್ಲ ಲಾಕ್‌ಡೌನ್. ರಾಜ್ಯದ ಅನೇಕ ಹಳ್ಳಿಗಳಂತೆ ನಮ್ಮ ಕಡೆಯ ಹಳ್ಳಿಗಳೂ ಊರ ದಾರಿಗೆ ಅಡ್ಡಲಾಗಿ ಮುಳ್ಳು ಕಡಿದು ಹಾಕಿದುವು. ಏಪ್ರಿಲ್ ೩ರಂದು ಬೆಳಗಾವಿ ಜಿಲ್ಲೆಯ ಮೊದಲ ಮೂರು ಪ್ರಕರಣಗಳು ಹೊರಬಿದ್ದವು. ಕೆಲವೇ ದಿನಗಳಲ್ಲಿ ನಮ್ಮ ಮಗ್ಗುಲಿನ ಹಿರೇಬಾಗೇವಾಡಿಯ ಹೆಸರು ರಾಜ್ಯದ ಸುದ್ದಿಯಲ್ಲೆಲ್ಲ ಕೇಳಿಬರತೊಡಗಿತು.

ಆ ದಿನಗಳಲ್ಲಿ ಸುದ್ದಿಯನ್ನು ಬೆನ್ನಟ್ಟಿದ ಬಗೆಯನ್ನು ತಾವೆಲ್ಲ ಬಲ್ಲಿರಿ. ಆರೋಗ್ಯ ಇಲಾಖೆಯ ಸಂಜೆಯ ಪ್ರಕಟಣೆ ಮೊಬೈಲಿಗೆ ಬಂದೊಡನೆ, ಓದಬಲ್ಲ ಹುಡುಗನೊಬ್ಬ ಕಟ್ಟೆಯಿಂದ ಮಾರುದೂರ ನಿಂತು ಅದನ್ನು ಹಿರಿಯರಿಗೆ ಓದಿಹೇಳುತ್ತಿದ್ದನು: ಪಿ ಎಂಬ ಅಕ್ಷರ, ಒಂದು ಸಂಖ್ಯೆ, ವಯಸ್ಸು, ಗಂಡು ಅಥವಾ ಹೆಣ್ಣು, ಜಿಲ್ಲೆ, ಎಲ್ಲಿಂದ ಬಂದವರು, ಯಾರ ಸಂಪರ್ಕದವರು. ಹೆಸರಿಲ್ಲವೆಂಬುದು ನಿಜ, ಆದರೆ ವಯಸ್ಸನ್ನೂ ಪ್ರಯಾಣವನ್ನೂ ಹೇಳಿದ ಮೇಲೆ ಹಳ್ಳಿಯಲ್ಲಿ ಹೆಸರು ಗೊತ್ತಾಗುವುದಕ್ಕೆ ಎಷ್ಟು ಹೊತ್ತು ಬೇಕು? ಆ ಮನೆಗೆ ಹಾಲು ಹಾಕುವವನು ಬರಲಿಲ್ಲ. ಆ ಮನೆಯವರಿಗೆ ಕಿರಾಣಿ ಅಂಗಡಿಯವನು ಸಾಮಾನನ್ನು ದೂರದಲ್ಲಿಟ್ಟು ಹಣವನ್ನು ನೀರಿಗೆ ಹಾಕೆಂದನು. ಮರುವರುಷ, ರೋಗ ನಿಜವಾಗಿ ಓಣಿಯೊಳಕ್ಕೆ ಬಂದಾಗ, ಪ್ರಕಟಣೆಯನ್ನು ಓದುವವರೇ ಇಲ್ಲವಾದರು. ಪರೀಕ್ಷೆ ಮಾಡಿಸದೆ ನಾಲ್ಕು ದಿನ ಜ್ವರದಲ್ಲಿ ಮಲಗಿ ತೀರಿಹೋದವರು ಯಾವ ಪ್ರಕಟಣೆಯಲ್ಲಿಯೂ ಬರಲಿಲ್ಲ. ರಾಜ್ಯದಲ್ಲಿ ಅಧಿಕೃತ ಎಣಿಕೆಗೆ ಸಿಕ್ಕ ಮರಣಗಳು ಸುಮಾರು ೪೦,೦೦೦. ಎಣಿಕೆಗೆ ಸಿಕ್ಕದವರು ಯಾರು ಎಂಬುದನ್ನು ಬೆಂಗಳೂರು ಹೇಳಲಾರದು, ಆಯಾ ಓಣಿಯೇ ಹೇಳಬೇಕು.

ಗೋವೆ, ಪುಣೆ, ಕೊಲ್ಹಾಪುರ, ಬೆಂಗಳೂರುಗಳಿಗೆ ದುಡಿಯಲು ಹೋದವರು ಆ ಬೇಸಗೆಯಲ್ಲಿ ಮರಳಿದರು. ಹಡೆದ ಊರಿಗೆ ಬಂದವರನ್ನು ಊರು ಶಾಲೆಯ ಕೋಣೆಗಳಲ್ಲಿ ಇಳಿಸಿತು. ತಾಯಂದಿರು ಬುತ್ತಿಯನ್ನು ಗೇಟಿನ ಬಳಿಯಿಟ್ಟು ದೂರ ಸರಿದು ನಿಂತು ಮಕ್ಕಳ ಮುಖವನ್ನು ನೋಡಿದರು. ಅದೇ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗರು ಅದೇ ಕಪ್ಪುಹಲಗೆಯ ಕೆಳಗೆ ಚಾಪೆ ಹಾಸಿಕೊಂಡು ದಿನಗಳನ್ನು ಎಣಿಸಿದರು. ಆಮೇಲೆ ಉದ್ಯೋಗ ಖಾತ್ರಿಯ ಕೆಲಸ ಅವರ ಕೈ ಹಿಡಿಯಿತು. ಆ ವರುಷ ೨೭೫ ರೂಪಾಯಿಗೆ ಏರಿದ ದಿನಗೂಲಿಯಿಂದ ಒಲೆ ಹೊತ್ತಿಸಿದ ಮನೆಗಳು ಅವೆಷ್ಟೋ.

ಸವದತ್ತಿಯ ಯಲ್ಲಮ್ಮನ ಗುಡ್ಡದ ಮಾತನ್ನು ಹೇಳದೆ ಈ ಸೀಮೆಯ ಬದುಕನ್ನು ಹೇಳಿದಂತಾಗದು. ಚಕ್ಕಡಿ ಕಟ್ಟಿಕೊಂಡು, ಜೋಗುಳಬಾವಿಯಲ್ಲಿ ಮಿಂದು, ಉಧೋ ಉಧೋ ಎಂದು ಭಂಡಾರ ಹಾರಿಸುತ್ತ ಗುಡ್ಡವೇರಿ, ಪಡ್ಡಲಗಿ ತುಂಬಿಸಿ ಮರಳುವುದು ಈ ಭಾಗದ ಒಕ್ಕಲಿಗೂ ಮಹಾರಾಷ್ಟ್ರದ ಒಕ್ಕಲಿಗೂ ವರುಷದ ಕಾಲಮಾನವೇ ಆಗಿದೆ. ೨೦೨೦ರ ಮಾರ್ಚಿಯಲ್ಲಿ ಭಕ್ತರಿಗೆ ಮುಚ್ಚಿದ ಯಲ್ಲಮ್ಮನ ಬಾಗಿಲು ಹಲವು ತಿಂಗಳು ತೆರೆಯಲಿಲ್ಲ. ಒಳಗೆ ಪೂಜೆ ನಡೆಯಿತು, ಹೊರಗೆ ಹುಣ್ಣಿಮೆಗಳು ಬಂದು ಹೋದವು. ಕುಂಕುಮ, ಭಂಡಾರ, ಬಳೆ, ಕಾಯಿಕರ್ಪೂರಗಳ ಅಂಗಡಿಯವರು, ಚೌಡಿಕೆಯ ಹಾಡಿನಿಂದ ಹೊಟ್ಟೆ ಹೊರೆಯುವ ಜೋಗತಿಯರು ಆ ತಿಂಗಳುಗಳನ್ನು ಹೇಗೆ ಕಳೆದರೆಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವವರು ಬೇಕಾಗಿದ್ದಾರೆ. ಗುಡಿಯನ್ನು ಮುಚ್ಚಿದ್ದು ತಪ್ಪೆನ್ನುವವನು ನಾನಲ್ಲ. ಹಿಂದಿನ ಕಾಲದಲ್ಲಿ ಜಾತ್ರೆಗಳಿಂದ ಕಾಲರಾ ಊರೂರಿಗೆ ಹರಡಿದುದನ್ನು ಬಲ್ಲವರು ಆ ನಿರ್ಧಾರವನ್ನು ಜರೆಯಲಾರರು.

ಎಲ್ಲಕ್ಕಿಂತ ಆಳವಾದ ಗಾಯವು ಮಣ್ಣಿನ ವಿಷಯದಲ್ಲಿ ಆಯಿತೆಂದು ನಾನು ತಿಳಿದಿದ್ದೇನೆ. ನಮ್ಮಲ್ಲಿ ಮದುವೆಗೆ ಕರೆಯದೆ ಹೋಗಬಾರದು, ಮಣ್ಣಿಗೆ ಕರೆಯುವವರೆಗೆ ಕಾಯಬಾರದು. ಜಗಳವಾಡಿ ಮಾತು ಬಿಟ್ಟ ದಾಯಾದಿಯೂ ಆ ದಿನ ಬಂದು ಒಂದು ಹಿಡಿ ಮಣ್ಣು ಹಾಕಿ ಹೋಗುತ್ತಾನೆ; ಎಷ್ಟೋ ವೈರಗಳು ಅಲ್ಲಿಗೇ ಮುಗಿಯುತ್ತವೆ. ನಿಯಮವು ಮದುವೆಗೆ ೫೦ ಜನ, ಅಂತ್ಯಸಂಸ್ಕಾರಕ್ಕೆ ೨೦ ಜನ ಎಂದಿತು. ರೋಗದಿಂದ ಸತ್ತವರ ಪಾಲಿಗೆ ಅಷ್ಟೂ ದೊರೆಯಲಿಲ್ಲ. ಕೆ.ಕೆ. ಕೊಪ್ಪದಲ್ಲಿ ಹುಟ್ಟಿ, ನಾಲ್ಕು ಸಲ ಬೆಳಗಾವಿಯಿಂದ ಲೋಕಸಭೆಗೆ ಆರಿಸಿಹೋಗಿ, ರೈಲ್ವೆ ಖಾತೆಯ ರಾಜ್ಯಮಂತ್ರಿಗಳಾಗಿದ್ದ ಸುರೇಶ ಅಂಗಡಿಯವರು ೨೦೨೦ರ ಸೆಪ್ಟೆಂಬರ್ ೨೩ರಂದು ದಿಲ್ಲಿಯಲ್ಲಿ ಈ ರೋಗದಿಂದಲೇ ನಿಧನರಾದರು. ಅವರ ದೇಹವನ್ನು ಊರಿಗೆ ತರಲಾಗದೆ ದಿಲ್ಲಿಯ ದ್ವಾರಕೆಯಲ್ಲಿಯೇ ಲಿಂಗಾಯತ ವಿಧಿಯಂತೆ ಮಣ್ಣು ಮಾಡಬೇಕಾಯಿತು. ರೈಲುಗಳ ಮಂತ್ರಿಗೇ ಸ್ವಂತ ಊರಿನ ಮಣ್ಣು ದಕ್ಕದ ಕಾಲದಲ್ಲಿ ನಮ್ಮ ಬಡವರ ಪಾಡು ಹೇಗಿದ್ದಿರಬೇಕು! ೨೦೨೧ರ ಏಪ್ರಿಲ್ ಕೊನೆಯಿಂದ ಜೂನಿನವರೆಗಿನ ಕರ್ಫ್ಯೂವಿನ ದಿನಗಳಲ್ಲಿ, ಮೈತುಂಬ ಬಿಳಿಯ ಉಡುಪು ಹಾಕಿದ ನಾಲ್ವರು ಜೆಸಿಬಿ ತೋಡಿದ ಕುಣಿಯಲ್ಲಿ ಇಳಿಸಿದ ತಂದೆಯನ್ನು, ಬದುವಿನ ಮೇಲೆ ದೂರ ನಿಂತು ನೋಡಿದ ಮಗನನ್ನು ನಾನು ಬಲ್ಲೆ. ವಿಮಾನ ಕಟ್ಟಲಿಲ್ಲ, ಭಜನೆಯಿಲ್ಲ, ವಿಭೂತಿ ಧರಿಸುವ ಕೈಯಿಲ್ಲ. ಆತನು ಈಗಲೂ ಬೇರೆ ಯಾರ ಮಣ್ಣಿಗೂ ಹೋಗುವುದಿಲ್ಲ.

ಅದೇ ೨೦೨೧ರ ಮೇ ತಿಂಗಳಲ್ಲಿ ಗೋಕಾಕ ತಾಲೂಕಿನ ಮರಡಿಮಠದಲ್ಲಿ, ರೋಗವನ್ನು ಓಡಿಸಲೆಂದು ಊರಲ್ಲಿ ಬಿಟ್ಟಿದ್ದ ಮಠದ ಕುದುರೆಯೊಂದು ಸಾಯಲು, ನೂರಾರು ಜನ ನೆರೆದು ಅದರ ಅಂತ್ಯಯಾತ್ರೆಯನ್ನು ನಡೆಸಿದರು. ಅಧಿಕಾರಿಗಳು ಊರನ್ನೇ ಸೀಲ್‌ಡೌನ್ ಮಾಡಿದರು. ದೇಶದ ಸುದ್ದಿಮನೆಗಳಲ್ಲಿ ಅದು ಮೌಢ್ಯದ ಉದಾಹರಣೆಯಾಯಿತು. ಸೋಂಕಿನ ದೃಷ್ಟಿಯಿಂದ ಅದು ಅಪಾಯಕರವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸ್ವಂತ ಬಂಧುಗಳ ಮಣ್ಣಿಗೆ ಹೋಗಲಾಗದೆ ತಿಂಗಳುಗಟ್ಟಲೆ ಅಳುವನ್ನು ನುಂಗಿಕೊಂಡಿದ್ದ ಜನಸಮುದಾಯವು ಹೆಗಲು ಕೊಡಲು ದೊರೆತ ಒಂದೇ ಒಂದು ದೇಹಕ್ಕೆ ಹೆಗಲು ಕೊಟ್ಟಿತು ಎಂದು ನಾನು ಆ ದೃಶ್ಯವನ್ನು ಅರ್ಥಮಾಡಿಕೊಂಡಿದ್ದೇನೆ.

ಮಕ್ಕಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಶಾಲೆಗಳು ಮುಚ್ಚಿದ್ದಾಗ ೨೦೨೦ರ ಆಗಸ್ಟಿನಲ್ಲಿ ಗುಡಿಯ ಪೌಳಿಗಳಲ್ಲಿಯೂ ಮರದಡಿಯಲ್ಲಿಯೂ ಆರಂಭವಾದ ವಿದ್ಯಾಗಮವೆಂಬ ಪಾಠಯೋಜನೆಯು ಅಕ್ಟೋಬರಿನಲ್ಲಿ ನಿಂತಿತು. ಒಂದರಿಂದ ಐದನೆಯ ಇಯತ್ತೆಯವರಿಗೆ ಶಾಲೆ ಪುನಃ ತೆರೆದುದು ೨೦೨೧ರ ಅಕ್ಟೋಬರ್ ೨೫ರಂದು. ಒಂದನೆಯ ಇಯತ್ತೆಗೆ ಸೇರಬೇಕಾಗಿದ್ದ ಕೂಸು ಎರಡನೆಯದಕ್ಕೆ ಬಂದಿಳಿದಾಗ ಮೂಲಾಕ್ಷರವನ್ನೇ ಕಂಡಿರಲಿಲ್ಲ. ಅದರ ಅಕ್ಕನು ತಾಯಿಯೊಡನೆ ಹತ್ತಿ ಬಿಡಿಸಲು ಹೋಗಿ ಮರಳಿ ಶಾಲೆಯ ಮೆಟ್ಟಿಲು ತುಳಿಯಲಿಲ್ಲ.

ಇನ್ನು ಆಶಾ ಕಾರ್ಯಕರ್ತೆಯರು. ರಾಜ್ಯದಲ್ಲಿ ಸುಮಾರು ೪೨,೦೦೦ ಮಂದಿ ಇರುವ ಈ ಹೆಣ್ಣುಮಕ್ಕಳು ತಿಂಗಳಿಗೆ ೧೨,೦೦೦ ರೂಪಾಯಿಯ ಗೌರವಧನವನ್ನು ಬೇಡಿ ೨೦೨೦ರ ಜುಲೈಯಲ್ಲಿ ಮುಷ್ಕರ ಹೂಡಬೇಕಾಯಿತೆಂಬುದು ನಮಗೆಲ್ಲ ನಾಚಿಕೆಯ ಸಂಗತಿ. ಅವರಲ್ಲೊಬ್ಬರು ಇಟ್ಟಿದ್ದ ವಹಿಯನ್ನು ನಾನು ನೋಡಿದೆನು. ನೂರು ಹಾಳೆಯ ಶಾಲಾ ನೋಟುಬುಕ್ಕು. ಸ್ಕೇಲಿನಿಂದ ಎಳೆದ ಗೆರೆಗಳು. ಮನೆ ನಂಬರು, ಅರವತ್ತು ದಾಟಿದವರು, ಸಕ್ಕರೆ ರೋಗ, ಬಿಪಿ, ಬಸುರಿ, ಜ್ವರ, ಕೆಮ್ಮು, ಹೊರಗಿನಿಂದ ಬಂದವರು ಎಂದು ಕಾಲಮುಗಳು. ೨೦೨೧ರ ಮೇ ತಿಂಗಳ ಪುಟಗಳಲ್ಲಿ ಆಮ್ಲಜನಕದ ಅಂಕಿಗಳು ಸೇರಿಕೊಂಡಿವೆ: ೯೬, ೯೪, ೮೯, ಮುಂದೆ ಆ ಸಾಲು ಖಾಲಿ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, “ಬಾಗಿಲಾ ತಗೀಲಿಲ್ಲ, ನಾಳಿ ಮತ್ತ ಹೋಗಬೇಕು” ಎಂದಿದೆ. ಸರಕಾರಕ್ಕೆ ಹೋದ ವರದಿಯಲ್ಲಿ ಈ ಅಂಚಿನ ಬರಹ ಹೋಗಲಿಲ್ಲ. ಈ ಊರುಗಳ ರೋಗಚರಿತ್ರೆಯಲ್ಲಿ ಅದಕ್ಕಿಂತ ಬೆಲೆಯುಳ್ಳ ದಾಖಲೆಯನ್ನು ನಾನು ಬೇರೆ ಕಾಣೆನು. ಅಂಥ ವಹಿಗಳು ಇಂದು ರದ್ದಿಯವನ ತಕ್ಕಡಿಗೆ ಹೋಗುತ್ತಿವೆ.

ಲಸಿಕೆಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹಿರಿಮೆಯುಂಟು. ಬೆಳಗಾವಿಯ ಟಿಳಕವಾಡಿಯಲ್ಲಿ ನಾವು ವ್ಯಾಕ್ಸಿನ್ ಡಿಪೋ ಎಂದು ಕರೆಯುವ ತಾಣವು ಸಿಡುಬಿನ ಲಸಿಕೆಯನ್ನು ತಯಾರಿಸಿ ಊರೂರಿಗೆ ಕಳಿಸುತ್ತಿದ್ದ ಹಳೆಯ ಸಂಸ್ಥೆ. ೨೦೨೧ರ ಜನವರಿ ೧೬ರಂದು ದೇಶದಲ್ಲಿ ಕೊರೊನಾ ಲಸಿಕೆ ಆರಂಭವಾಗುವ ಮುನ್ನ ಸುತ್ತಣ ಜಿಲ್ಲೆಗಳ ಪೆಟ್ಟಿಗೆಗಳು ಬಂದಿಳಿದುದೂ ಅಲ್ಲಿಯೇ. ಆದರೂ ಹಳ್ಳಿಯ ಅಂಜಿಕೆ ಸುಲಭವಾಗಿ ಹೋಗಲಿಲ್ಲ. ಲಸಿಕೆಯವರು ಬಂದರೆಂದು ಕೇಳಿ ಹೊಲಕ್ಕೆ ಹೋಗಿ ಕುಳಿತವರುಂಟು. ಓಣಿಯ ಹಿರಿಯಳೊಬ್ಬಳು ತೋಳು ಚಾಚಿ ಮೊದಲು ಚುಚ್ಚಿಸಿಕೊಂಡು, ಮರುದಿನ ಎಂದಿನಂತೆ ರೊಟ್ಟಿ ಬಡಿಯುತ್ತ ಕುಳಿತುದನ್ನು ನೋಡಿದ ಮೇಲೆ ಉಳಿದವರು ಬಂದರು.

ಇವೆಲ್ಲವೂ ಬರೆದಿಡದೆ ಮರೆತುಹೋಗಬಾರದು. ಆದಕಾರಣ ಈ ದತ್ತಿಯ ಬಡ್ಡಿಯಲ್ಲಿ ಒಂದಂಶವನ್ನು ವಿನಿಯೋಗಿಸಿ, ಗಟ್ಟಿ ರಟ್ಟಿನ ದೊಡ್ಡ ಖಾತೆಪುಸ್ತಕವೊಂದನ್ನು ಕೊಂಡು ದೊಡವಾಡದ ಗ್ರಂಥಾಲಯದಲ್ಲಿ ಇರಿಸಬೇಕೆಂದು ದತ್ತಿಯನ್ನು ಇರಿಸಿದ ಮನೆತನದವರನ್ನು ಕೇಳಿಕೊಂಡೆನು. ಅವರು ಸಂತೋಷದಿಂದ ಒಪ್ಪಿದ್ದಾರೆ. ಹೈಸ್ಕೂಲಿನ ಮಕ್ಕಳು ಓಣಿ ಓಣಿಗೆ ಹೋಗಿ ಕೇಳಿ ಬರೆಯಬೇಕು. ೨೦೨೦ರ ಮಾರ್ಚಿಯಿಂದ ಎರಡು ವರುಷಗಳಲ್ಲಿ ಆ ಮನೆಯಲ್ಲಿ ತೀರಿಕೊಂಡವರು, ಪರೀಕ್ಷೆಯಾಗಿರಲಿ ಬಿಡಲಿ, ಯಾರು, ಅವರ ಮಣ್ಣಿಗೆ ಯಾರು ಬಂದರು, ಯಾರಿಗೆ ಬರಲಾಗಲಿಲ್ಲ, ಎಲ್ಲಿಂದ ಯಾರು ಮರಳಿದರು, ಪುನಃ ಹೋದರೋ ಉಳಿದರೋ, ಶಾಲೆ ಬಿಟ್ಟವರಾರು, ಆಗ ಊಟ ಕೊಟ್ಟವರಾರು. ರೋಗ ಬಂದವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಕೂಡದು. ಹೇಳಿದವರ ಮಾತನ್ನು ತಿದ್ದದೆ, ಅವರು ಆಡಿದಂತೆಯೇ ಇಳಿಸಿಕೊಳ್ಳಬೇಕು. ಆಶಾ ಕಾರ್ಯಕರ್ತೆಯರಲ್ಲಿ ಉಳಿದಿರುವ ವಹಿಗಳನ್ನು ಅವರು ಕೊಟ್ಟರೆ ಅದೇ ಕಪಾಟಿನಲ್ಲಿಡಬೇಕು. ಬರುವ ಶ್ರಾವಣದೊಳಗೆ ಮೊದಲ ಓಣಿಯ ಬರವಣಿಗೆ ಮುಗಿಯತಕ್ಕದ್ದು. ಅಗಸಿಯ ಕಡೆಯಿಂದ ಆರಂಭಿಸುವುದೆಂದು ಗೊತ್ತಾಗಿದೆ.