ಗುಬ್ಬಿಗೆ ಬಂದ ಬುಕಾನನ್

1800ನೇ ಇಸವಿ. ಟಿಪ್ಪು ಸುಲ್ತಾನ್ ಮಡಿದು ಒಂದು ವರ್ಷವಾಗಿತ್ತು. ಗೆದ್ದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾರು ಏನು ನೇಯುತ್ತಾರೆ, ಯಾವ ಪೇಟೆಯಲ್ಲಿ ಏನು ಮಾರಾಟವಾಗುತ್ತದೆ ಎಂದು ನೋಡಿಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಂಪನಿಯ ಒಬ್ಬ ಡಾಕ್ಟರನ್ನು ಕಳಿಸಿದ. ಏಪ್ರಿಲ್‌ನಲ್ಲಿ ಮದರಾಸು ಬಿಟ್ಟ ಆತ ಸುತ್ತುತ್ತ ನಮ್ಮ ತುಮಕೂರು ಸೀಮೆಗೂ ಬಂದ. ಗುಬ್ಬಿ ಪೇಟೆಯ ವ್ಯಾಪಾರವನ್ನು ವಿಚಾರಿಸಿ ಬರೆದುಕೊಂಡ. 1807ರಲ್ಲಿ ಅದೆಲ್ಲ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಆತನೇ ಫ್ರಾನ್ಸಿಸ್ ಬುಕಾನನ್.

ಆತ ಬರೆದದ್ದರ ಬಗ್ಗೆ ಬೇಕಾದಷ್ಟು ಮಾತು ನಡೆದಿದೆ. ಇವತ್ತು ಆತನ ಮನೆತನದ ಹೆಸರಿನ ಬೆನ್ನುಹತ್ತಿ ಹೋಗೋಣ.

ಸ್ಕಾಟ್ಲೆಂಡಿನಲ್ಲಿ ಲಾಕ್ ಲೋಮಂಡ್ ಎಂಬ ದೊಡ್ಡ ಸರೋವರವಿದೆ. ಅದರ ಪೂರ್ವ ದಂಡೆಯ ಜಮೀನಿನ ಹೆಸರು ಬುಕಾನನ್. ಮೊದಲು ಅದು ಮನುಷ್ಯರ ಹೆಸರಲ್ಲ, ನೆಲದ ಹೆಸರು. ಅಲ್ಲಿ ನೆಲೆಸಿದ ಕುಟುಂಬಕ್ಕೆ ಅದಕ್ಕೂ ಮುಂಚೆ ಮ್ಯಾಕ್ಆಸ್ಲಾನ್, ಅಂದರೆ ಆಸ್ಲಾನನ ಮಕ್ಕಳು ಎಂಬ ಹೆಸರಿತ್ತು ಅನ್ನುತ್ತದೆ ಮನೆತನದ ಐತಿಹ್ಯ. 13ನೇ ಶತಮಾನದ ಹೊತ್ತಿಗೆ ಅಪ್ಪನ ಹೆಸರು ಹಿಂದೆ ಸರಿದು ಜಮೀನಿನ ಹೆಸರು ಮುಂದೆ ಬಂತು. ಭೂಮಿ ಇದ್ದವನಿಗೆ ಅದರ ಹೆಸರೇ ಹಕ್ಕುಪತ್ರ.

ಇದು ನಮಗೆ ಹೊಸದೇನಲ್ಲ. 1513ರಲ್ಲಿ ‘ಭಾವಚಿಂತಾರತ್ನ’ ಬರೆದ ಕವಿಯನ್ನು ನಾವು ಕರೆಯುವುದು ಗುಬ್ಬಿಯ ಮಲ್ಲಣಾರ್ಯ ಎಂದು. ಬೆಂಗಳೂರು ರೈಲ್ವೆ ನಿಲ್ದಾಣದ ಎದುರು ಛತ್ರ ಕಟ್ಟಿಸಿದವರು ಗುಬ್ಬಿ ತೋಟದಪ್ಪನವರು. ನಾಟಕದ ವೀರಣ್ಣನವರನ್ನಂತೂ ಗುಬ್ಬಿ ಇಲ್ಲದೆ ಕರೆಯುವುದೇ ಕಷ್ಟ. ಆದರೆ ಒಂದು ಮಾತು ಗಮನಿಸಿ. ಗುಬ್ಬಿಯೊಳಗೆ ಇರುವ ತನಕ ಯಾರೂ ಗುಬ್ಬಿಯವರಲ್ಲ. ಅಲ್ಲಿ ಕೇಳುವುದು ಯಾರ ಮಗ, ಯಾವ ಬೀದಿ ಅಂತ. ಊರು ಬಿಟ್ಟು ಹೊರಟವನ ಬೆನ್ನಿಗೇ ಊರಿನ ಹೆಸರು ಅಂಟುವುದು. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಕ್ಯಾಂಪಿನಿಂದ ಕ್ಯಾಂಪಿಗೆ ತಿರುಗಿತಲ್ಲ, ಅದಕ್ಕೇ ಅದು ನಾಡಿಗೆಲ್ಲ ಗುಬ್ಬಿ ಕಂಪನಿ ಆಯಿತು.

ಬುಕಾನನ್ ಹೆಸರೂ ಹೀಗೇ ತಿರುಗಾಟಕ್ಕೆ ಬಿದ್ದಿತು. 1506ರಲ್ಲಿ ಹುಟ್ಟಿದ ಜಾರ್ಜ್ ಬುಕಾನನ್ ಫ್ರಾನ್ಸ್, ಪೋರ್ಚುಗಲ್ ಸುತ್ತಿದ ಲ್ಯಾಟಿನ್ ಪಂಡಿತ. ಆರನೇ ಜೇಮ್ಸ್ ದೊರೆಗೆ ಬಾಲ್ಯದಲ್ಲಿ ಪಾಠ ಹೇಳಿದ ಮೇಷ್ಟ್ರು. ತಂಬಾಕಿನ ವ್ಯಾಪಾರಿ ಆಂಡ್ರ್ಯೂ ಬುಕಾನನ್ ಗ್ಲಾಸ್ಗೋದ ಒಂದು ದೊಡ್ಡ ಬೀದಿಗೆ ಹೆಸರಾದ. ಆ ತಂಬಾಕು ಅಮೆರಿಕದಲ್ಲಿ ಗುಲಾಮರ ಬೆವರಿನಿಂದ ಬೆಳೆದದ್ದು ಎಂಬುದನ್ನೂ ಹೇಳಿಬಿಡಬೇಕು. ಇನ್ನೊಂದು ಕವಲು ಐರ್ಲೆಂಡಿಗೆ ಹೋಯಿತು. ಅಲ್ಲಿಂದ 1783ರಲ್ಲಿ ಹಡಗು ಹತ್ತಿದವನ ಮಗ ಜೇಮ್ಸ್ ಬುಕಾನನ್ 1857ರಲ್ಲಿ ಅಮೆರಿಕದ 15ನೇ ಅಧ್ಯಕ್ಷನಾದ.

ಇತ್ತ ಮೂಲದ ಜಮೀನು ಏನಾಯಿತು? 17ನೇ ಶತಮಾನ ಮುಗಿಯುವಷ್ಟರಲ್ಲಿ ಹಿರಿಯ ಮನೆಯ ಗಂಡುಸಂತಾನ ನಿಂತಿತು, ಜಮೀನು ಸಾಲಕ್ಕೆ ಸಿಕ್ಕಿ ಗ್ರಹಾಂ ಮನೆತನದ ಪಾಲಾಯಿತು. ಹೆಸರು ಕೊಟ್ಟ ನೆಲ ಕೈಬಿಟ್ಟರೂ ಹೆಸರು ಬಿಡಲಿಲ್ಲ. 1725ರಲ್ಲಿ ಬುಕಾನನ್ನರು ಗ್ಲಾಸ್ಗೋದಲ್ಲಿ ತಮ್ಮವರ ಬಡಮಕ್ಕಳ ನೆರವಿಗೆ ಸಂಘವನ್ನೇ ಕಟ್ಟಿದರು. ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಯಜಮಾನನಿಲ್ಲದ ಆ ಕುಲಕ್ಕೆ ಅಧಿಕೃತ ಯಜಮಾನ ಸಿಕ್ಕಿದ್ದು 2018ರಲ್ಲಿ.

ನೆರೆಯ ಮ್ಯಾಕ್‌ಗ್ರೆಗರ್‌ಗಳ ಪಾಡು ಇನ್ನೂ ಕೆಟ್ಟದ್ದು. 1603ರಲ್ಲಿ ದೊರೆ ಅವರ ಹೆಸರನ್ನೇ ನಿಷೇಧಿಸಿದ, ಇಟ್ಟುಕೊಂಡರೆ ಮರಣದಂಡನೆ. ಹೆಸರಾಂತ ರಾಬ್ ರಾಯ್ ಕೂಡ ತಾಯಿಯ ಮನೆತನದ ಕ್ಯಾಂಬೆಲ್ ಎಂಬ ಹೆಸರಿನ ಮರೆಯಲ್ಲಿ ಬಾಳಬೇಕಾಯಿತು.

ನಮ್ಮಲ್ಲಿ ಅಂಥ ರಾಜಾಜ್ಞೆ ಇರಲಿಲ್ಲ. ಹೆಸರು ತಾನಾಗಿಯೇ ಸಡಿಲ. ಹಳೇ ಮೈಸೂರಿನವರಿಗೆ ಅಡ್ಡಹೆಸರಿಗಿಂತ ಇನಿಷಿಯಲ್ ರೂಢಿ: ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ತನ್ನ ಹೆಸರು. ಕುಣಿಗಲ್ಲಿನ ‘ಕೆ’ ಮಗನ ಕಾಲಕ್ಕೆ ಬೆಂಗಳೂರಿನ ‘ಬಿ’ ಆದರೂ ಕೇಳುವವರಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಮನೆತನದ ಹೆಸರಿನ ಖಾನೆ ಎದುರಾದಾಗ ಮಾತ್ರ ಯೋಚನೆ. ಕೆಲವರು ಅಪ್ಪನ ಹೆಸರು ತುಂಬುತ್ತಾರೆ, ಕೆಲವರು ಊರಿನದು. ಹಾಗೆ ತುಂಬಿದ ಗುಬ್ಬಿ, ಕುಣಿಗಲ್, ತುಮಕೂರು ಹುಟ್ಟುವ ಮಕ್ಕಳಿಗೂ ದಾಟುತ್ತವೆ. ಬುಕಾನನ್ನರಿಗೆ 13ನೇ ಶತಮಾನದಲ್ಲಿ ಆದದ್ದು ನಮ್ಮವರಿಗೆ ಈಗ ವಿಮಾನ ಹತ್ತುವಾಗ ಆಗುತ್ತಿದೆ.

ಇನ್ನು ನಮ್ಮ ಡಾಕ್ಟರ್ ಬುಕಾನನ್. ಆತ 1762ರಲ್ಲಿ ಕ್ಯಾಲಂಡರ್ ಎಂಬ ಊರಿನ ಬಳಿ ಹುಟ್ಟಿದ. ಮೈಸೂರಿನ ಮೇಲೆ ನೇಪಾಳ, ಬಂಗಾಳ ಸುತ್ತಿ, ಕಲ್ಕತ್ತದ ಸಸ್ಯೋದ್ಯಾನ ನೋಡಿಕೊಂಡು 1815ರಲ್ಲಿ ಊರಿಗೆ ಮರಳಿದ. ಅಲ್ಲಿ ತಾಯಿಯ ಕಡೆಯ ಆಸ್ತಿಯ ಜೊತೆಗೆ ಆಕೆಯ ಮನೆತನದ ಹೆಸರೂ ಬಂತು. ಬುಕಾನನ್ ಹೋಗಿ ಹ್ಯಾಮಿಲ್ಟನ್ ಆದ. 1822ರಲ್ಲಿ ಗಂಗೆಯ ಮೀನುಗಳ ಕುರಿತ ಗ್ರಂಥ ಹೊರಬಂದಾಗ ಲೇಖಕನ ಹೆಸರಿನ ಜೊತೆಗೆ ‘ಹಿಂದೆ ಬುಕಾನನ್’ ಎಂದು ಅಚ್ಚು ಹಾಕಿಸಬೇಕಾಯಿತು. ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳಿಗೆ ಶಾಸ್ತ್ರೀಯ ಹೆಸರಿಟ್ಟದ್ದು ಆ ಗ್ರಂಥದಲ್ಲೇ. ಹಾಗಾಗಿ ಇತಿಹಾಸದ ವಿದ್ಯಾರ್ಥಿಗೆ ಆತ ಬುಕಾನನ್, ಮೀನುಗಾರಿಕೆ ಓದುವವನಿಗೆ ಹ್ಯಾಮಿಲ್ಟನ್. ಗಿಡಮರ ಓದುವವರು ಎರಡನ್ನೂ ಕತ್ತರಿಸಿ, ನಡುವೆ ಗೆರೆ ಎಳೆದು, ‘ಬುಕ್-ಹ್ಯಾಮ್’ ಎಂದು ಬರೆದುಕೊಳ್ಳುತ್ತಾರೆ.